ಕೂಸುಗಳಿಗೆ ಟಾಕೀಸಿನ ಬಾಗಿಲು ತೆಗೆದ ಸಾವಂತ್ರವ್ವ

ಶಿಗ್ಗಾಂವದ ಟಾಕೀಸಿನಲ್ಲಿ ಹೆಂಗಸರಿಗೆ ಬೇರೆ ಬಾಗಿಲು ಇದೆ. ಇಪ್ಪತ್ತಾರು ವರ್ಷಗಳಿಂದ ಆ ಬಾಗಿಲನ್ನು ಕಾಯುತ್ತಿರುವವಳು ಸಾವಂತ್ರವ್ವ. ಕೈಯಲ್ಲಿ ಒಂದು ಬ್ಯಾಟರಿ, ಸೊಂಟದಲ್ಲಿ ಸವಣೂರು ವೀಳ್ಯದೆಲೆಯ ಚೀಲ, ಹಣೆಯಲ್ಲಿ ಢಾಳಾದ ಅರಿಸಿನ ಭಂಡಾರ. ಟಿಕೆಟು ಹರಿದು ಅರ್ಧ ಕೈಗೆ ಕೊಟ್ಟು, ಕತ್ತಲೆಯಲ್ಲಿ ಬೆಳಕು ಹಿಡಿದು ಕುರ್ಚಿ ತೋರಿಸುವುದು ಅವಳ ಕೆಲಸ. ಅವಳ ಮನೆ ನಮ್ಮ ಓಣಿಯಲ್ಲೇ ಇದೆ. ಅವಳ ಹಿತ್ತಿಲಿಗೂ ನನ್ನ ಹಿತ್ತಿಲಿಗೂ ನಡುವೆ ಮೊಳಕಾಲೆತ್ತರದ ಗೋಡೆ. ಅವಳ ಮಗ ಮೈಲಾರಲಿಂಗ ಕನ್ನಡ ಶಾಲೆಯಲ್ಲಿ ನಾಲ್ಕನೇ ಇಯತ್ತೆಯನ್ನು ಅಕ್ಕೋರಾದ ನನ್ನ ಕೈಯಲ್ಲಿ ಕಲಿತವನು. ಮಗ್ಗಿ ಬಾರದಿದ್ದರೂ ಮಾತಿಗೆ ಕೊರತೆಯಿಲ್ಲದ ಹುಡುಗ. ಈಗ ದಲಾಲಿ ಅಂಗಡಿಯೊಂದರಲ್ಲಿ ಗುಮಾಸ್ತನಾಗಿದ್ದಾನೆ.

ಆ ಟಾಕೀಸಿಗೆ ಒಂದು ಹಳೆಯ ಕಾಯಿದೆ ಇತ್ತು. ಕೂಸು ಅತ್ತರೆ ತಾಯಿ ಹೊರಗೆ ಹೋಗಬೇಕು. ಅದನ್ನು ಯಾರು ಮಾಡಿದರೋ ತಿಳಿಯದು, ಗೋಡೆಯ ಮೇಲೆ ಎಲ್ಲಿಯೂ ಬರೆದಿಲ್ಲ. ಆದರೆ ಅದನ್ನು ನಡೆಸುವ ಭಾರ ಸಾವಂತ್ರವ್ವನ ಮೇಲೆ ಬಿದ್ದಿತ್ತು. ಅಳು ಕೇಳಿದ ಕಡೆಗೆ ಬ್ಯಾಟರಿಯ ಬೆಳಕು ಬಿಟ್ಟರೆ ಸಾಕು, ತಾಯಿ ಸೆರಗು ಸರಿಪಡಿಸಿಕೊಂಡು ತಾನಾಗಿ ಎದ್ದು ಬರುವಳು. ಸಾವಂತ್ರವ್ವ ತನ್ನಿಂದಾದಷ್ಟು ಮಾಡುತ್ತಿದ್ದಳು. ಕೂಸನ್ನು ತಾನು ಹೆಗಲಿಗೆ ಹಾಕಿಕೊಂಡು, "ನೀ ಒಳಗ ಹೋಗವಾ, ನಾ ಆಡಸ್ತೇನಿ" ಎಂದು ತಾಯಿಯನ್ನು ಮರಳಿ ಕಳಿಸುವಳು. ಆದರೆ ಒಮ್ಮೆಗೆ ಒಂದೇ ಹೆಗಲು. ಭಾನುವಾರದ ಮ್ಯಾಟ್ನಿಗೆ ಐದಾರು ಕೂಸುಗಳು ಅತ್ತರೆ ಏನು ಮಾಡಿಯಾಳು?

ಮೈಲಾರಲಿಂಗನಿಗೆ ಬಂಕಾಪುರದ ಮಲ್ಲಿಕಾಳನ್ನು ತಂದರು. ಮಾತು ಕಡಿಮೆ, ನಗು ಹೆಚ್ಚು. ಸಿನಿಮಾ ಎಂದರೆ ಪ್ರಾಣ. ಶುಕ್ರವಾರ ಹೊಸ ಚಿತ್ರ ಬಂದರೆ ಭಾನುವಾರದೊಳಗೆ ಗಂಡಹೆಂಡತಿ ನೋಡಿ ಮುಗಿಸುತ್ತಿದ್ದರು. ಮದುವೆಯಾದ ಎರಡನೆಯ ವರ್ಷ ಹೆಣ್ಣುಕೂಸು ಹುಟ್ಟಿತು. ಅಂಕಿತಾ ಎಂದು ಹೆಸರಿಟ್ಟರು. ಐದನೇ ತಿಂಗಳಲ್ಲಿ ತೊಟ್ಟಿಲು ಹೊರಿಸಿಕೊಂಡು ಮಲ್ಲಿಕಾ ತವರಿನಿಂದ ಗಂಡನ ಮನೆಗೆ ಬಂದಳು. ಬಂದವಳು ಮೊದಲಿನ ಮಲ್ಲಿಕಾ ಆಗಿರಲಿಲ್ಲ.

ಕೂಸು ಅತ್ತರೆ ಎತ್ತಿಕೊಳ್ಳುವಳು, ಹಾಲು ಕುಡಿಸುವಳು, ಮಲಗಿಸುವಳು. ಉಳಿದ ಹೊತ್ತು ಪಡಸಾಲೆಯ ಗೋಡೆಗೆ ಒರಗಿ ಕುಳಿತು ಎದುರಿನ ಗೋಡೆಯನ್ನೇ ನೋಡುವಳು. ಬಡಿಸಿದರೆ ಉಂಡಳು, ಇಲ್ಲದಿದ್ದರೆ ಇಲ್ಲ. ಬೀಗರಲ್ಲಿ ಯಾರೋ ಗಾಳಿ ಸೋಕಿದೆ ಎಂದರು. ಸಾವಂತ್ರವ್ವ ಆ ಮಾತಿಗೆ ಕಿವಿಗೊಡದೆ ಸೊಸೆಯನ್ನು ದವಾಖಾನೆಗೆ ಕರೆದುಕೊಂಡು ಹೋದಳು. ಡಾಕ್ಟರಬಾಯಿ ಬಹಳ ಹೊತ್ತು ಮಾತಾಡಿಸಿ, "ಹಡೆದ ಮೇಲೆ ಕೆಲವರಿಗೆ ಹೀಗೆ ಆಗುತ್ತದೆ. ಇದು ಗಾಳಿಯಲ್ಲ, ಸೋಮಾರಿತನವೂ ಅಲ್ಲ. ಗುಳಿಗೆ ಕೊಡುತ್ತೇನೆ. ಒಬ್ಬಳನ್ನೇ ಬಿಡಬೇಡಿ, ಅವಳಿಗೆ ಇಷ್ಟವಾದದ್ದನ್ನು ಮಾಡಲು ಬಿಡಿ, ಹದಿನೈದು ದಿನಕ್ಕೊಮ್ಮೆ ಬನ್ನಿ" ಎಂದರಂತೆ.

ಒಂದು ಸಂಜೆ ಮಲ್ಲಿಕಾ ತಾನಾಗಿಯೇ ಬಾಯಿಬಿಟ್ಟಳು. "ಅತ್ತಿ, ಒಂದ ಪಿಚ್ಚರ್ ನೋಡಬೇಕ ಅನಸಾಕತ್ತೈತಿ."

ಸಾವಂತ್ರವ್ವ ಅಂದು ಗೋಡೆ ದಾಟಿ ನಮ್ಮ ಹಿತ್ತಿಲಿಗೇ ಓಡಿ ಬಂದಳು. "ಅಕ್ಕೋರ, ಅಕ್ಕೋರ! ನಮ್ಮ ಸೊಸಿ ಬಾಯಿಬಿಟ್ಟು ಕೇಳಿದ್ಳರಿ!"

"ಹಂಗಾದ್ರ ಕೂಸಿನ ನನ್ನ ಕಡೆ ಬಿಡ್ರಿ. ಹೋಗಿ ಬರಲಿ" ಎಂದೆ.

ಆದರೆ ಮಲ್ಲಿಕಾ ಕೂಸನ್ನು ಬಿಟ್ಟು ಹೊಸ್ತಿಲು ದಾಟಲು ಒಪ್ಪಲಿಲ್ಲ. ಯಾರಾದರೂ ಕೂಸನ್ನು ಹೊರಗೆ ಒಯ್ದರೆ ಹಿಂದೆಯೇ ಎದ್ದು ಹೋಗುತ್ತಿದ್ದಳು. ಕೊನೆಗೆ ಭಾನುವಾರ ಕೂಸನ್ನು ಎತ್ತಿಕೊಂಡೇ ಗಂಡನೊಡನೆ ಹೋದಳು. ಆಟ ಶುರುವಾಗಿ ಹತ್ತು ನಿಮಿಷ ಆಗಿರಲಿಲ್ಲ, ಅಂಕಿತಾ ಅಳತೊಡಗಿತು. ಮುಂದಿನ ಸಾಲಿನಿಂದ ಸಿಳ್ಳು ಬಂತು. "ಯಾರ್ರೀ ಅದು, ಹೊರಗ ಒಯ್ರಿ! ನಾವೇನ್ ಅಳೂದ ಕೇಳಾಕ ಬಂದೇವಿ?" ಎಂದು ಒಬ್ಬ ಕೂಗಿದ. ಬಾಗಿಲಲ್ಲಿದ್ದ ಸಾವಂತ್ರವ್ವನ ಕೈ ಅಷ್ಟು ವರ್ಷಗಳ ರೂಢಿಯಂತೆ ತಾನೇ ಮೇಲೆದ್ದಿತು. ಬೆಳಕು ಅಳುವ ಕಡೆಗೆ ಹೋಯಿತು. ಬೆಳಕಿನೊಳಗೆ ಕಂಡದ್ದು ಅವಳ ಸ್ವಂತ ಸೊಸೆಯ ಮುಖ.

ಮಲ್ಲಿಕಾ ಎದ್ದು ಬಂದಳು. ಅತ್ತೆಯ ಕಡೆ ನೋಡಲಿಲ್ಲ. ಸಾವಂತ್ರವ್ವ ಕೂಸನ್ನು ತೆಗೆದುಕೊಳ್ಳಲು ಕೈ ಚಾಚಿದರೆ ಕೊಡಲೂ ಇಲ್ಲ. ಮನೆಗೆ ನಡೆದುಹೋದಳು, ಮೂರು ದಿನ ಒಂದು ಮಾತೂ ಆಡಲಿಲ್ಲ.

"ಒಂದ ಕೇಳಿತ್ತರಿ ಆ ಹುಡುಗಿ, ಅದನ್ನೂ ನಾನ ಕಸಗೊಂಡೆ" ಎಂದು ಸಾವಂತ್ರವ್ವ ನನ್ನ ಮುಂದೆ ಅತ್ತಳು. ನಾಲ್ಕನೆಯ ದಿನ ಕಣ್ಣು ಒರೆಸಿಕೊಂಡು ಟಾಕೀಸಿನ ಮಾಲೀಕ ಪರಮೇಶಪ್ಪನವರ ಮುಂದೆ ನಿಂತಳು. ಅಲ್ಲಿ ನಡೆದ ಮಾತನ್ನು ಅವಳೇ ಇಬ್ಬರ ದನಿಯಲ್ಲೂ ಆಡಿ ತೋರಿಸಿದಳು.

"ಸಾವ್ಕಾರ್ರ, ಒಂದ ಆಟ ಕೂಸುಗಳಿಗೆ ಬಿಟ್ಟು ಕೊಡ್ರಿ."

"ಕೂಸುಗಳು ಪಿಚ್ಚರ್ ಏನ್ ನೋಡ್ತಾವ ಸಾವಂತ್ರವ್ವಾ?"

"ನೋಡೂದು ಅವ್ವಂದಿರು, ಅಪ್ಪಂದಿರು. ಕೂಸುಗಳು ಅಳ್ತಾವ."

"ಅದನ್ನ ಕೇಳಾಕ ಯಾರ್ ಬರ್ತಾರ?"

"ಎಲ್ಲಾರ ಕೂಸೂ ಅತ್ರ ಯಾರಿಗೆ ಯಾರ್ ಬೈಯ್ಯಾವರ್ರಿ?"

ಪರಮೇಶಪ್ಪನವರು ನಕ್ಕುಬಿಟ್ಟರು. ಶುಕ್ರವಾರ ಹೊಸ ಚಿತ್ರ ಬರುವುದರಿಂದ ಗುರುವಾರದ ಬೆಳಗಿನ ಆಟಕ್ಕೆ ಹೇಗೂ ನರಪಿಳ್ಳೆ ಇರುವುದಿಲ್ಲ. "ಬರೂ ವಾರ ಗುರುವಾರ ತಗೋ. ಮೊದಲನೇ ಸಲ ಟಿಕೀಟ ಬ್ಯಾಡ. ಅರ್ಧ ಹಾಲ್ ತುಂಬಿದ್ರ ಮುಂದ ನೋಡೂಣು. ಹತ್ತ ಮಂದಿ ಬಂದು ಕುಂತ್ರ ಮತ್ತ ಈ ಮಾತ ತಗೀಬ್ಯಾಡ" ಎಂದರು.

ಸಾವಂತ್ರವ್ವನ ಕೆಲಸ ಶುರುವಾಯಿತು. ಯಂತ್ರದ ಕೋಣೆಯ ಮಹಾಲಿಂಗಪ್ಪ ಹಿಂದಿನ ಎರಡು ಕಂಬಗಳ ನಡುವೆ ಕಬ್ಬಿಣದ ಕೊಳವೆ ಬಿಗಿದುಕೊಟ್ಟ. ಓಣಿಯ ಹೆಂಗಸರಿಂದ ಹಳೆಯ ಸೀರೆಗಳನ್ನು ಬೇಡಿ ತಂದು ಅದಕ್ಕೆ ಕೂಸು ತೂಗುವ ಎಂಟು ಜೋಳಿಗೆ ಕಟ್ಟಿದಳು. ಎರಡು ಇಳಕಲ್ ಸೀರೆ ನನ್ನವು. ದೀಪಗಳನ್ನು ಪೂರ್ತಿ ಆರಿಸದೆ ಅರ್ಧ ಉರಿಸಬೇಕು, ಆವಾಜು ತಗ್ಗಿಸಬೇಕು ಎಂದು ಮಹಾಲಿಂಗಪ್ಪನಿಗೆ ಹೇಳಿದಳು. ಎಷ್ಟು ತಗ್ಗಿಸಬೇಕು ಎಂದು ಅವನು ಕೇಳಿದ್ದಕ್ಕೆ, "ಮಲಗಿದ ಕೂಸು ಏಳಬಾರದು, ಕುಂತ ಅವ್ವ ಮಲಗಬಾರದು, ಅಷ್ಟು" ಎಂದಳಂತೆ.

ಊರಿಗೆ ಸಾರುವುದು ಇನ್ನು ಉಳಿದ ಕೆಲಸ. ಮೈಕು ಕಟ್ಟಿದ ಆಟೋ ಇಟ್ಟಿರುವ ಇನಾಯತ ನನ್ನ ಹತ್ತಿರ ಬಂದು, "ಅಕ್ಕೋರ, ನೀವು ಬರದ ಕೊಡ್ರಿ, ನಾ ಓದ್ತೇನಿ" ಎಂದ. ಮೂವತ್ತೇಳು ವರ್ಷ ಶುದ್ಧ ಬರಹ ಕಲಿಸಿದ ನಾನು ಉತ್ಸಾಹದಿಂದ ಬರೆದೆ: "ಬರುವ ಗುರುವಾರ ಮುಂಜಾನೆ ಹತ್ತು ಗಂಟೆಗೆ ಟಾಕೀಸಿನಲ್ಲಿ ಎರಡು ವರ್ಷದೊಳಗಿನ ಮಕ್ಕಳು ಮತ್ತು ಅವರ ತಂದೆತಾಯಂದಿರಿಗಾಗಿ ಉಚಿತ ಚಿತ್ರಪ್ರದರ್ಶನವನ್ನು ಏರ್ಪಡಿಸಲಾಗಿದೆ. ತಾಯಂದಿರು ತಪ್ಪದೇ ಮಕ್ಕಳೊಂದಿಗೆ ಹಾಜರಾಗಬೇಕೆಂದು ವಿನಂತಿ." ಇನಾಯತ ಓದಿ ನೋಡಿ, "ಭಾಳ ಚಂದ ಬರದೀರಿ. ಥೇಟ್ ಸರಕಾರದ್ದ ಇದ್ದಂಗ ಐತಿ" ಎಂದು ಹೊಗಳಿದ. ನಾನು ಹಿಗ್ಗಿದೆ. ಎರಡು ದಿನ ಅವನು ಶಿಗ್ಗಾಂವದ ಓಣಿಗಳಲ್ಲಿ, ಬಂಕಾಪುರದಲ್ಲಿ, ಅತ್ತ ಹತ್ತಿಮತ್ತೂರಿನವರೆಗೂ ಸಾರಿ ಬಂದ.

ಗುರುವಾರ ಒಂಬತ್ತೂವರೆಗೆ ನಾನು ಹೋಗುವಷ್ಟರಲ್ಲಿ ಟಾಕೀಸಿನ ಅಂಗಳದಲ್ಲಿ ಕಾಲಿಡಲು ಜಾಗವಿರಲಿಲ್ಲ. ಕುಂಚಿಗೆ ತೊಟ್ಟ ಕೂಸುಗಳು, ಕಿವಿಗೆ ಅರಿವೆ ಕಟ್ಟಿಕೊಂಡ ಬಾಣಂತಿಯರು, ಜೊತೆಗೆ ಅವರ ಅತ್ತೆಯಂದಿರು, ಕೂಸು ಎತ್ತಿಕೊಂಡು ನಾಚಿ ನಿಂತ ಗಂಡಸರು. ಪರಮೇಶಪ್ಪನವರ ಮುಖ ಅರಳಿತ್ತು. ಸಾವಂತ್ರವ್ವ ಎಲ್ಲರಿಗಿಂತ ಮೊದಲು ಸೊಸೆಯನ್ನು ಒಳಗೆ ಕೂರಿಸಿ ಬಂದಿದ್ದಳು. ಮಲ್ಲಿಕಾ ಬಂದದ್ದೇ ದೊಡ್ಡದು. "ಮತ್ತ ಹೊರಗ ಕಳಸೂದಿಲ್ಲ ಅಂದ್ರ ಬರ್ತೇನಿ" ಎಂದು ಒಂದೇ ಕರಾರು ಹಾಕಿದ್ದಳಂತೆ.

ಬಾಗಿಲು ತೆಗೆಯುವ ಹೊತ್ತಿಗೆ ಹತ್ತಿಮತ್ತೂರಿನಿಂದ ಬಂದ ಸರೋಜವ್ವ ಎಂಬ ಹಿರಿಯಳು ಮೊಮ್ಮಗನನ್ನು ಎತ್ತಿಕೊಂಡ ಸೊಸೆ ಸುಧಾರಾಣಿಯನ್ನು ಮುಂದೆ ನೂಕುತ್ತ ಬಂದಳು. ಸಾವಂತ್ರವ್ವನ ಕೈಗೆ ಒಂದು ತಾಯಿ ಕಾರ್ಡು ತುರುಕಿದಳು.

"ನಮ್ಮದ ಮೊದಲ ಮುಗಸವಾ. ಹನ್ನೊಂದರ ಬಸ್ಸಿಗೆ ಹೋಗಬೇಕು. ನರ್ಸಬಾಯಾರು ಎಲ್ಲಿ ಕುಂತಾರ?"

"ಯಾ ನರ್ಸಬಾಯಾರು?"

"ಸೂಜಿ ಮಾಡಾವರು!"

ಸಾವಂತ್ರವ್ವ ಸುತ್ತ ನೋಡಿದಳು. ಹೆಚ್ಚುಕಡಿಮೆ ಪ್ರತಿ ಕೈಯಲ್ಲೂ ಸೂಜಿಯ ತಾರೀಖು ಬರೆದ ತಾಯಿ ಕಾರ್ಡು. ಆಗ ನನಗೆ ಹೊಳೆಯಿತು. ಗುರುವಾರ ಎಂದರೆ ಕೂಸುಗಳಿಗೆ ಲಸಿಕೆಯ ದಿನ. ಪೋಲಿಯೋ ಹನಿ ಹಾಕುವ ಸುದ್ದಿಯನ್ನು ವರ್ಷವರ್ಷವೂ ಸಾರುವವನು ಇದೇ ಇನಾಯತ. ಹನಿ ಹಾಕುವುದೂ ಇದೇ ಟಾಕೀಸಿನ ಅಂಗಳದಲ್ಲಿ. ಅದರ ಮೇಲೆ ನನ್ನ ಆ ಸರಕಾರಿ ಕನ್ನಡ! ಆರೋಗ್ಯದ ಚಿತ್ರವೊಂದನ್ನು ತೋರಿಸಿ ಸೂಜಿ ಚುಚ್ಚುತ್ತಾರೆ ಎಂದು ಎಲ್ಲರೂ ನಂಬಿ ಬಂದಿದ್ದರು.

ಪರಮೇಶಪ್ಪನವರು ಸಾವಂತ್ರವ್ವನನ್ನು ಬದಿಗೆ ಕರೆದರು. ನಾನು ಪಕ್ಕದಲ್ಲೇ ಇದ್ದೆ. "ಏನೂ ಹೇಳಬ್ಯಾಡ. ಒಳಗ ಬಿಡು. ಪಿಚ್ಚರ್ ಚಾಲೂ ಆತಂದ್ರ ಯಾರ್ ಏಳ್ತಾರ? ಹಾಲ್ ತುಂಬತೈತಿ, ನಿನ್ನ ಕೆಲಸಾ ಆಕ್ಕೈತಿ."

ಅವರ ಮಾತಿನಲ್ಲಿ ಕೆಟ್ಟತನವಿರಲಿಲ್ಲ. ನಿಜ ಹೇಳಿದರೆ ಅಂಗಳ ಬರಿದಾಗುವುದು ಖಂಡಿತ. ಬರಿದಾದರೆ ಮುಂದೆ ಇಂಥ ಆಟವಿಲ್ಲ. ಒಳಗೆ ಕುಳಿತ ಮಲ್ಲಿಕಾ ಮತ್ತೊಮ್ಮೆ ಎದ್ದು ಮನೆಗೆ ನಡೆಯಬೇಕು. ಆ ಮೇಲೆ ಅವಳು ಯಾರನ್ನೂ ಏನನ್ನೂ ಕೇಳಲಿಕ್ಕಿಲ್ಲ. ಸಾವಂತ್ರವ್ವ ಒಂದು ಸಲ ಒಳಗೆ ಇಣುಕಿ ನೋಡಿದಳು. ಆಮೇಲೆ ಟಿಕೆಟಿನ ಕಿಂಡಿಯ ಕಟ್ಟೆಯ ಮೇಲೆ ಹತ್ತಿ ನಿಂತಳು.

"ಯವ್ವಗೋಳ್ರ್ಯಾ, ತಪ್ಪಾಗೇತಿ. ಇಲ್ಲಿ ಸೂಜಿ ಇಲ್ಲ, ನರ್ಸಬಾಯಾರೂ ಇಲ್ಲ. ಇದು ಖರೇ ಖರೇ ಪಿಚ್ಚರ್, ನಗೂ ಪಿಚ್ಚರ್. ಕೂಸಿನ ತಾಯಂದಿರು ಕುಂತ ನೋಡ್ಲಿ ಅಂತ ಇಟ್ಟೇವಿ. ಇವತ್ತ ಯಾರ್ದು ಸೂಜಿ ತಾರೀಖು ಐತಿ, ಅವರು ತಪ್ಪಸಬ್ಯಾಡ್ರಿ. ನಮ್ಮ ಅಕ್ಕೋರು ಕಾರ್ಡ್ ಓದಿ ಹೇಳ್ತಾರ, ಇನಾಯತಣ್ಣ ದವಾಖಾನಿಗೆ ಬಿಟ್ಟು ಬರ್ತಾನ."

ಕೂಸುಗಳ ಅಳುವಿನ ಮೇಲೆ ಸರೋಜವ್ವನ ದನಿ ಎದ್ದಿತು.

"ಏನ? ಬಾಣಂತಿನ ಪಿಚ್ಚರಿಗೆ ಕರದೀಯೇನ? ನಾಕ ತಿಂಗಳ ಕೂಸಿನ ಕತ್ತಲದಾಗ ಕೂಡಸ್ತಿ? ಗಾಳಿ ಬಡದ್ರ ನಿಮ್ಮಪ್ಪ ಬರ್ತಾನನು?"

"ನಮ್ಮಪ್ಪ ಹೋಗಿ ಹತ್ತ ವರ್ಷಾತು ಯಕ್ಕಾ. ಅದಕ್ಕ ದೀಪ ಹಚ್ಚೇ ಇಟ್ಟೇವಿ, ಕತ್ತಲಿಲ್ಲ."

ಒಬ್ಬಿಬ್ಬರು ನಕ್ಕರು. ಆದರೆ ಸರೋಜವ್ವ ಸೊಸೆಯ ರಟ್ಟೆ ಹಿಡಿದು ಎಳೆಯತೊಡಗಿದಳು. ಅವಳ ಹಿಂದೆ ಹತ್ತಾರು ಜನ ತಿರುಗಿದರು. ಸುಧಾರಾಣಿ ಮಾತ್ರ ತೆರೆದ ಬಾಗಿಲನ್ನೇ ತಿರುತಿರುಗಿ ನೋಡುತ್ತಿದ್ದಳು.

ಆ ಬಾಗಿಲಲ್ಲಿ ಮಲ್ಲಿಕಾ ಬಂದು ನಿಂತಳು, ಕೂಸನ್ನು ಎದೆಗೆ ಒತ್ತಿಕೊಂಡು. ಅವಳ ದನಿ ಸಣ್ಣದು. ಆಡುವ ರೂಢಿಯೂ ತಪ್ಪಿತ್ತು. ಆದರೂ ಸರೋಜವ್ವನನ್ನು ಕರೆದಳು.

"ಅತ್ತೀರಿ, ಕೂಸಿನ ಸೂಜಿ ಎಲ್ಲಾ ಹಾಕಸ್ತೇವಿ, ಒಂದೂ ತಪ್ಪಸಂಗಿಲ್ಲ. ಕೂಸಿಗೆ ಏನ್ ಬೇಕು ಅಂತ ಎಲ್ಲಾರೂ ಕೇಳ್ತಾರ. ನಮಗ ಏನ್ ಬೇಕು ಅಂತ ನಮ್ಮ ಅತ್ತಿ ಒಬ್ಬಾಕಿ ಕೇಳಿದ್ಳು. ಎರಡ ತಾಸ ಕುಂದ್ರಾಕ ಬಿಡ್ರಿ ನಿಮ್ಮ ಸೊಸಿಗೂ."

ಸಾವಂತ್ರವ್ವ ಕಟ್ಟೆಯ ಮೇಲೆ ನಿಂತಲ್ಲೇ ಸೆರಗು ಬಾಯಿಗೆ ಒತ್ತಿಕೊಂಡಳು. ಸರೋಜವ್ವ ಮಲ್ಲಿಕಾಳನ್ನು ಮೇಲಿಂದ ಕೆಳಗಿನವರೆಗೂ ನೋಡಿದಳು.

"ನಿಂದೆಷ್ಟ ತಿಂಗಳಿನ ಕೂಸವಾ?"

"ಎಂಟ್ರಿ."

"ಎಂಟು ತಿಂಗಳಿಗೇ ಕಿವಿ ಬಿಚ್ಚಿಕೊಂಡ ತಿರಗಾಕತ್ತೀಯಲ್ಲ, ಅರಿವಿ ಕಟಗೋ!" ಎಂದು ಗದರಿಸಿದಳು. ಬಳಿಕ ಸೊಸೆಯ ರಟ್ಟೆ ಬಿಟ್ಟು ನನ್ನ ಕಡೆ ತಿರುಗಿದಳು. "ಅಕ್ಕೋರ, ನಮ್ಮ ಕಾರ್ಡ್ ನೋಡ್ರಿ. ಸೂಜಿ ಇವತ್ತ ಇತ್ತಂದ್ರ ಹಾಕಸಗೊಂಡ ಬರ್ತೇವಿ. ನಾನೂ ಕುಂದ್ರಾಕಿನ. ಎಂಥಾ ಪಿಚ್ಚರ್ ಅಂತ ನೋಡಬೇಕಲ್ಲ."

ನಾನು ಕಟ್ಟೆಯ ಮೇಲೆ ಕುಳಿತು ಕನ್ನಡಕ ಹಾಕಿಕೊಂಡು ಕಾರ್ಡುಗಳನ್ನು ಓದಿದೆ. ಅಂದು ತಾರೀಖು ಇದ್ದವರು ಹದಿನಾಲ್ಕು ಮಂದಿ. ಇನಾಯತ ಮೂರು ಸಲ ದವಾಖಾನೆಗೆ ಹೋಗಿ ಬಂದ. ಬೇಡವೆಂದು ಹೊರಟುಹೋದವರೂ ಇದ್ದರು. ಅವರ ಮೇಲೆ ನನಗೆ ಬೇಸರವಿಲ್ಲ, ತಪ್ಪು ನನ್ನದು. ಮಹಾಲಿಂಗಪ್ಪ ಮುಕ್ಕಾಲು ತಾಸು ತಡೆದು ಆಟ ಹಚ್ಚಿದ. ಅರ್ಧ ಹಾಲ್ ತುಂಬಿತ್ತೋ ಇಲ್ಲವೋ, ಪರಮೇಶಪ್ಪನವರು ಎಣಿಸಲು ಹೋಗಲಿಲ್ಲ.

ಸೂಜಿ ಹಾಕಿಸಿಕೊಂಡು ಬಂದ ಕೂಸುಗಳ ರಾಗ ಕೇಳಬೇಕಿತ್ತು! ಮಹಾಲಿಂಗಪ್ಪ ತಗ್ಗಿಸಿದ್ದ ಆವಾಜನ್ನು ಮತ್ತೆ ಏರಿಸಬೇಕಾಯಿತು. ಮನೆ ಅಳಿಯನಾಗಿ ಹೋದವನೊಬ್ಬ ಅತ್ತೆಯ ಎಮ್ಮೆಯ ಕೈಯಲ್ಲಿ ಪಡುವ ಪಾಡಿನ ಚಿತ್ರ ಅದು. ನಡುವೆ ಅಂಕಿತಾ ಅಳತೊಡಗಿತು. ಮಲ್ಲಿಕಾ ಬೆಚ್ಚಿ ಅರ್ಧ ಎದ್ದಳು. ಅವಳ ಕಣ್ಣು ಬಾಗಿಲಿನತ್ತ ಹೋಯಿತು. ಮಗ್ಗುಲಲ್ಲಿ ಕುಳಿತಿದ್ದ ನುಜಹತ ಎಂಬ ಹುಡುಗಿ, ತೊಡೆಯ ಮೇಲೆ ಅವಳಿ ಕೂಸುಗಳನ್ನು ಆಡಿಸುತ್ತ, "ಕುಂದ್ರ ಅಕ್ಕಾ, ಈ ಗದ್ದಲದಾಗ ಯಾರ ಕೂಸು ಅಳತೈತಿ ಅಂತ ಅಲ್ಲಾನಿಗೂ ಗೊತ್ತಾಗಂಗಿಲ್ಲ" ಎಂದಳು. ಮಲ್ಲಿಕಾ ಕುಳಿತಳು. ಸಿಳ್ಳು ಬರಲಿಲ್ಲ, ಬೆಳಕೂ ಬರಲಿಲ್ಲ. ಮೈಲಾರಲಿಂಗ ಎದ್ದು ಮಗಳನ್ನು ಜೋಳಿಗೆಯಲ್ಲಿ ಹಾಕಿ ತೂಗಿದ. ಪರದೆಯ ಮೇಲೆ ಎಮ್ಮೆ ಅಳಿಯನ ತಲೆಯ ಜರಿ ಪಟಗವನ್ನು ಮೆದ್ದಾಗ ಕುಳಿತವರೆಲ್ಲ ನಕ್ಕರು. ಮಲ್ಲಿಕಾಳ ಭುಜ ಎರಡು ಸಲ ಅಲುಗಿತು. ಮೈಲಾರಲಿಂಗ ಜೋಳಿಗೆಯ ಹಗ್ಗ ಹಿಡಿದು ಪರದೆಯನ್ನು ಬಿಟ್ಟು ಅವಳನ್ನೇ ನೋಡುತ್ತ ನಿಂತಿದ್ದ.

ಅಂದಿನಿಂದ ಪ್ರತಿ ತಿಂಗಳ ಕೊನೆಯ ಗುರುವಾರ ಕೂಸುಗಳ ಆಟ ನಡೆಯುತ್ತಿದೆ. ಸವಣೂರಿನಿಂದ ಬರುತ್ತಾರೆ, ಹಾನಗಲ್ಲಿನಿಂದಲೂ ಒಮ್ಮೊಮ್ಮೆ ಬರುತ್ತಾರೆ. ಸಾರುವ ಮಾತನ್ನು ಈಗ ಇನಾಯತನೇ ಕಟ್ಟುತ್ತಾನೆ: "ಸೂಜಿ ಇಲ್ರೀ, ಪಿಚ್ಚರ್ ಅಷ್ಟ! ಅಳೂ ಕೂಸಿಗೆ ಮೊದಲ ಕುರ್ಚಿ!" ನನ್ನ ಬರಹಕ್ಕಿಂತ ಅದು ಚೆನ್ನಾಗಿದೆ. ಮಲ್ಲಿಕಾ ಒಂದೇ ದಿನದಲ್ಲಿ ಗುಣವಾದಳು ಎಂದರೆ ಸುಳ್ಳಾಗುತ್ತದೆ. ಡಾಕ್ಟರಬಾಯಿಯ ಹತ್ತಿರ ಹೋಗುವುದು ಮತ್ತೂ ಏಳೆಂಟು ತಿಂಗಳು ನಡೆಯಿತು. ಕೆಟ್ಟ ದಿನಗಳೂ ಬಂದವು. ಅವಳು ಉಳಿದದ್ದಕ್ಕೆ ಆ ಡಾಕ್ಟರಬಾಯಿಗೆ, ಪರಮೇಶಪ್ಪನವರಿಗೆ, ಬಾಯಿ ಜೋರಿನ ಸರೋಜವ್ವನಿಗೆ ಕೂಡ ನಾನು ಕೈ ಮುಗಿಯುತ್ತೇನೆ. ಸಾವಂತ್ರವ್ವನಿಗೆ ಕೈ ಮುಗಿದರೆ, "ಏನ್ರೀ ಅಕ್ಕೋರ, ನೀವು ದೊಡ್ಡಾವರು" ಎಂದು ಸಿಟ್ಟಾಗುತ್ತಾಳೆ. ಅದಕ್ಕೇ ಇಲ್ಲಿ ಬರೆದಿದ್ದೇನೆ.

ಆ ಮೊದಲ ಗುರುವಾರದ ಸಂಜೆ ನಾನು ಹಿತ್ತಿಲಿನಲ್ಲಿ ಬಟ್ಟೆ ತೆಗೆಯುತ್ತಿದ್ದೆ. ಗೋಡೆಯ ಆಚೆ ಅಡಿಗೆಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು, ನಡುವೆ ಮಲ್ಲಿಕಾಳ ದನಿ.

"ಅತ್ತಿ, ನೀವು ಬಾಗಲದಾಗ ನಿಂತಿದ್ರಿ. ಪಿಚ್ಚರ್ ಪೂರ್ತಿ ನೋಡಾಕ ಆಗಲಿಲ್ಲಲ್ಲ?"

ಆ ಚಿತ್ರ ಹಿಂದಿನ ಶುಕ್ರವಾರದಿಂದ ದಿನಕ್ಕೆ ಮೂರು ಆಟದಂತೆ ಓಡಿತ್ತು.

"ಇಲ್ಲವಾ, ಎಲ್ಲಿ ನೋಡ್ಲಿ? ಕೂಸುಗಳನ್ನ ಹಿಡಿಯೂದ ಆತು" ಎಂದಳು ಸಾವಂತ್ರವ್ವ.

"ಯವ್ವಾ, ನೀ ವಾರದಿಂದ ಅದನ್ನ…" ಎಂದು ಮೈಲಾರಲಿಂಗ ಬಾಯಿ ತೆಗೆದ.

"ನೀ ಸುಮ್ನ ರೊಟ್ಟಿ ತಿನ್ನು. ಹೇಳ ಮಲ್ಲವ್ವಾ, ಎಮ್ಮಿ ಪಟಗಾ ತಿಂತು. ಆಮ್ಯಾಲೆ ಏನಾತು?"

"ಆಮ್ಯಾಲೆ ಅವರ ಅತ್ತಿ ಬಡಗಿ ತಗೊಂಡ ಬಂದ್ಳು…"

"ಅಯ್ಯ! ಎಮ್ಮಿಗೆ ಹೊಡ್ಯಾಕ?"

"ಅಲ್ರೀ, ಅಳಿಯಾಗ!"

ಮಲ್ಲಿಕಾ ಹೇಳುತ್ತಲೇ ಹೋದಳು. ಹಂಚಿನ ಮೇಲಿನ ರೊಟ್ಟಿ ಸೀದ ವಾಸನೆ ನನ್ನ ಹಿತ್ತಿಲಿನವರೆಗೂ ಬಂತು. ಸಾವಂತ್ರವ್ವ ಅವಳನ್ನು ತಡೆಯಲಿಲ್ಲ.